ಬಾಗಿಲ ಮೇಲಿನ ಹೆಸರು

ಇವತ್ತು ಬೆಳಿಗ್ಗೆ ಸಕ್ಕರೆ ಡಬ್ಬಿ ತೆಗೆಯಲು ಹೋದಾಗ ಮೇಲಿನ ಶೆಲ್ಫಿನಲ್ಲಿದ್ದ ಹಿತ್ತಾಳೆ ಪಾತ್ರೆ ಕೈಗೆ ತಾಗಿ ಠಣ್ಣೆಂದಿತು. ಅಂಗಡಿಯವರು ಅಂಟಿಸಿದ ಚೀಟಿ ಇನ್ನೂ ಅದರ ತಳದಲ್ಲಿದೆ. ಅದನ್ನು ಕೊಂಡವನು ನನ್ನ ಅಣ್ಣ. ಅವನು ತೀರಿಕೊಂಡು ಮೂರು ತಿಂಗಳಾಯಿತು.

ಅಣ್ಣ ತುಮಕೂರಿನಲ್ಲಿ ಹೈಸ್ಕೂಲಿನ ಚರಿತ್ರೆ ಮೇಷ್ಟ್ರು. ಮೆಲ್ಬರ್ನಿಗೆ ಬಂದಮೇಲೆ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸಿದ. ಪಾಠ ಹೇಳುವ ಚಟ ಮಾತ್ರ ಬಿಡಲಿಲ್ಲ. ಯಾರೂ ಸಿಗದಿದ್ದರೆ ಸಿಡ್ನಿಯಲ್ಲಿರುವ ನನಗೆ ಫೋನು. ಅವನ ಮೆಚ್ಚಿನ ಪಾಠ, ಮೆಲ್ಬರ್ನಿಗೆ ತನ್ನ ಹೆಸರು ಕೊಟ್ಟ ಇಂಗ್ಲೆಂಡಿನ ಹಳೆಯ ಪ್ರಧಾನಿಯದು. ಬಟ್ಟೆ ಮಡಿಸುತ್ತಾ ಕೇಳಿ ಕೇಳಿ, ಆ ಮನುಷ್ಯ ನನಗೆ ದೂರದ ನೆಂಟನಂತೆಯೇ ಆಗಿಬಿಟ್ಟಿದ್ದ.

ಆ ಪ್ರಧಾನಿಯ ಹೆಂಡತಿ ಒಬ್ಬ ಕವಿಗೆ ಮನಸೋತಳೆಂದು ಊರೆಲ್ಲ ಆಡಿಕೊಂಡಿತಂತೆ. ಒಬ್ಬನೇ ಮಗನಿಗೆ ಮೂರ್ಛೆಯ ಕಾಯಿಲೆ. ಅವನನ್ನು ಎಲ್ಲಿಗೂ ಕಳಿಸದೆ ಜೊತೆಯಲ್ಲೇ ಇಟ್ಟುಕೊಂಡ. ಪ್ರಧಾನಿಯಾಗಿದ್ದಾಗಲೇ ಆ ಮಗನೂ ಹೋದ. ಮರುವರ್ಷ ಹದಿನೆಂಟರ ಹುಡುಗಿ ರಾಣಿಯಾದಳು. ಅವಳಿಗೆ ರಾಜ್ಯಭಾರ ಕಲಿಸುವುದರಲ್ಲೇ ಅವನ ಜೀವ ಮತ್ತೆ ಚಿಗುರಿತು.

“ಅಷ್ಟೊಂದು ಮರುಕ ಯಾಕಣ್ಣಾ? ನಮ್ಮನ್ನ ಆಳಿದವರ ಪೈಕಿ ತಾನೇ?”

“ಹೂಂ ಕಣೇ, ಅದಕ್ಕೆ ಮಾರ್ಕ್ಸ್ ಕಟ್ ಮಾಡ್ತೀನಿ. ಆದ್ರೆ ಮಗನ ಹಾಸಿಗೆ ಪಕ್ಕ ಕೂತಿದ್ದಕ್ಕೆ ಎರಡು ಮಾರ್ಕ್ಸ್ ಕೊಡ್ಬೇಕೋ ಬೇಡ್ವೋ?”

ಮೆಲ್ಬರ್ನಿನ ಅಂಚಿನ ವಿಂಡಮ್ ವೇಲ್‌ನಲ್ಲಿ ಮನೆ ಕಟ್ಟಿಸಿದಾಗ ಅಣ್ಣ ಅದಕ್ಕೆ ನನ್ನ ಹೆಸರಿಟ್ಟ. ನಮ್ಮಲ್ಲಿ ಹೊಸ ಮನೆಯಲ್ಲಿ ಹಾಲು ಉಕ್ಕಿಸುವವಳು ಮನೆಯ ಹೆಣ್ಣುಮಗಳು. ಗೃಹಪ್ರವೇಶದ ದಿನ ನನಗೆ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್, ಮಗಳಿಗೆ ಈಜಿನ ಕ್ಲಾಸು; ನಾನು ಹೋಗಲಿಲ್ಲ. ಪೂಜೆ ಮುಗಿಸಿಕೊಂಡ ಅಣ್ಣ, ನಾನೇ ಬಂದು ಉಕ್ಕಿಸಲೆಂದು, ಹಾಲು ಮಾತ್ರ ಉಕ್ಕಿಸಲಿಲ್ಲ. “ಲಾಂಗ್ ವೀಕೆಂಡ್‌ಗೆ ಬರ್ತೀನಣ್ಣಾ” ಎಂದು ಎರಡು ವರ್ಷ ಹೇಳಿದೆ.

“ನೀನೂ ನಮ್ ಪ್ರಧಾನಿ ಥರಾನೇ ಬಿಡು,” ಎಂದು ನಗುತ್ತಿದ್ದ. “ಹೆಸರು ಇಲ್ಲಿ, ಆಸಾಮಿ ಇನ್ನೆಲ್ಲೋ. ಅವನೂ ಈ ಊರು ಕಣ್ಣಲ್ಲಿ ನೋಡ್ಲಿಲ್ಲ.”

ನಾನೂ ನಗುತ್ತಿದ್ದೆ. ಪಾಠದ ಕೊನೆಯ ಭಾಗ ಆಗ ನನ್ನ ಕಿವಿಗೆ ಬಿದ್ದಿರಲಿಲ್ಲವೆಂದಲ್ಲ, ಮನಸ್ಸಿಗೆ ಬಿದ್ದಿರಲಿಲ್ಲ. ಅಧಿಕಾರ ಹೋದಮೇಲೆ ಆ ಮುದುಕ, ಪಾರ್ಶ್ವವಾಯು ಬಡಿದ ಮೇಲೂ, ಮತ್ತೆ ಕರೆ ಬಂದೀತೆಂದು ಕಾಯುತ್ತಿದ್ದನಂತೆ.

ಅಣ್ಣನ ಎದೆಬಡಿತ ಕೆಲಸದ ಜಾಗದಲ್ಲೇ ನಿಂತುಹೋಯಿತು. ಆ ಮನೆಯ ಬಾಗಿಲಲ್ಲಿ ಕನ್ನಡ ಅಕ್ಷರದ ನನ್ನ ಹೆಸರನ್ನು ನಾನು ಮೊದಲ ಸಲ ಓದಿದ್ದು ಅವತ್ತು. ಹೊರಡುವಾಗ ಅತ್ತಿಗೆ ಈ ಪಾತ್ರೆ ಕೈಗಿಟ್ಟರು.

“ನೀವು ಬಂದು ಹಾಲು ಉಕ್ಕಿಸೋಕೆ ಅಂತ ನಿಮ್ಮಣ್ಣ ತಂದಿಟ್ಟಿದ್ರು. ನಾನು ಬಳಸೋಕೆ ಹೋದ್ರೆ ಬಯ್ಯೋರು.”

ಮೂರು ತಿಂಗಳು ಅದನ್ನು ಕಣ್ಣಿಗೆ ಬೀಳದಷ್ಟು ಎತ್ತರದಲ್ಲಿಟ್ಟಿದ್ದೆ. ಇವತ್ತು ಇಳಿಸಿ, ಬಿಸಿನೀರಲ್ಲಿ ನೆನೆಸಿ ಚೀಟಿ ಕೆರೆದು ತೆಗೆದೆ. ಅತ್ತಿಗೆಗೆ ಫೋನು ಮಾಡಿದೆ.

“ಶನಿವಾರ ಬರ್ಲಾ ಅತ್ತಿಗೆ? ಹಾಲು ಉಕ್ಕಿಸೋಕೆ. ಈಗ ಉಕ್ಕಿಸಬಹುದೋ ಇಲ್ವೋ ಗೊತ್ತಿಲ್ಲ.”

“ಎಷ್ಟು ಲೀಟರ್ ತರಿಸ್ಲಿ?” ಎಂದರು ಅತ್ತಿಗೆ.

ಆ ಪ್ರಧಾನಿಗೆ ಮೆಲ್ಬರ್ನಿಗೆ ಬರಲು ತಿಂಗಳುಗಟ್ಟಲೆ ಹಡಗಿನಲ್ಲಿ ಕೂರಬೇಕಿತ್ತು. ನನಗಿದ್ದದ್ದು ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿ. ಟಿಕೆಟ್ ಬುಕ್ ಮಾಡಿದ್ದೇನೆ. ಪಾತ್ರೆಯನ್ನು ಸೂಟ್‌ಕೇಸಿಗೆ ಹಾಕುವುದಿಲ್ಲ. ತೊಡೆಯ ಮೇಲಿಟ್ಟುಕೊಂಡೇ ಹೋಗುತ್ತೇನೆ.