ಬಿಳಿಗೆರೆಯಲ್ಲಿ ಅಟ್ಟ ಇಳಿಸಿದ ದಿನ

ಮೂಡುಬಿದಿರೆಯಿಂದ ನಾವು ಹೊರಟಾಗ ಇನ್ನೂ ಕತ್ತಲಿತ್ತು. ಮಂಗಳೂರಿಗೆ ಬಂದು ಹಾಸನದ ಸರ್ಕಾರಿ ಬಸ್ಸು ಹಿಡಿದೆವು. ಕಂಡಕ್ಟರು ನನ್ನ ಹೆಂಡತಿ ಸರೋಜಿನಿಯ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದುಕೊಟ್ಟ. ನನ್ನಿಂದ ಪೂರ್ತಿ ದುಡ್ಡು ವಸೂಲಿ ಮಾಡಿದ. "ನಿಮ್ಮನ್ನು ಕರ್ಕೊಂಡು ಹೋಗುವುದೇ ದಂಡ ಮಾರಾಯ್ರೆ," ಎಂದು ಅವಳು ಕಿಟಕಿ ಪಕ್ಕದ ಸೀಟನ್ನೂ ತಾನೇ ಹಿಡಿದಳು. ಶಿರಾಡಿ ಘಾಟಿಯ ತಿರುವುಗಳು ಮುಗಿದು ಸಕಲೇಶಪುರದಲ್ಲಿ ಚಳಿ ಹತ್ತಿತು. ಹಾಸನದಲ್ಲಿ ಇಡ್ಲಿ ತಿಂದು, ಅರಸೀಕೆರೆಯಲ್ಲಿ ಮತ್ತೆ ಬಸ್ಸು ಬದಲಿಸಿ ತಿಪಟೂರಿನ ಕಡೆ ಹೊರಟಾಗ ಮಧ್ಯಾಹ್ನವಾಗಿತ್ತು.

ನಮ್ಮದು ಊರಿನಲ್ಲೊಂದು ಸಣ್ಣ ಎಣ್ಣೆ ಗಿರಣಿ. ತೆಂಗಿನಕಾಯಿಯನ್ನು ಎರಡು ಹೋಳು ಮಾಡಿ, ಬಿಸಿಲಿನಲ್ಲಿ ಒಣಗಿಸಿ ಗಾಣಕ್ಕೆ ಹಾಕಿದರೆ ಮುಗಿಯಿತು. ಕೊಬ್ಬರಿಯ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ. ಅಷ್ಟಕ್ಕೇ ಜಂಬವೂ ಇತ್ತು. ಹೋದ ವರ್ಷ ಕಾಶಿಗೆ ಹೋಗುವ ರೈಲಿನಲ್ಲಿ ನಮ್ಮ ಎದುರು ಸೀಟಿಗೆ ಬಿಳಿಗೆರೆಯ ಬಸವರಾಜು ಮತ್ತು ಅವರ ಹೆಂಡತಿ ಗಿರಿಜಮ್ಮ ಬಂದು ಕೂತರು. ಗಿರಿಜಮ್ಮ ಚೀಲದಿಂದ ಚೆಂಡಿನಂತೆ ದುಂಡಗಿದ್ದ ಇಡೀ ಕೊಬ್ಬರಿಯೊಂದನ್ನು ತೆಗೆದು, ಹೋಳು ಮಾಡಿ ಬೆಲ್ಲದ ಜೊತೆ ಕೊಟ್ಟರು. ಇದರಿಂದ ಒಳ್ಳೆ ಎಣ್ಣೆ ಬಂದೀತು ಎಂದೆ. "ಎಣ್ಣೇನಾ? ಇಂಥ ಕೊಬ್ಬರೀನ ಯಾರಾದ್ರೂ ಗಾಣಕ್ಕೆ ಹಾಕ್ತಾರಾ?" ಎಂದು ಅವರು ಕೊಟ್ಟ ಹೋಳನ್ನು ವಾಪಸು ಕೇಳುವವರ ಹಾಗೆ ನೋಡಿದರು. ಕಾಶಿ ಮುಟ್ಟುವವರೆಗೂ ನಮ್ಮಿಬ್ಬರದು ಅದೇ ಜಗಳ. ಸ್ನೇಹ ಬೆಳೆದದ್ದೂ ಹಾಗೆಯೇ.

ಈಗ ಅವರೇ ಫೋನು ಮಾಡಿ ಕರೆದಿದ್ದರು. "ಶೆಟ್ರೇ, ಹೊಸಮನೆ ಅಟ್ಟ ಇಳಿಸ್ತಾ ಇದೀವಿ. ಗೆದ್ರೂ ನೀವು ನೋಡ್ಬೇಕು, ಸೋತ್ರೂ ನೋಡ್ಬೇಕು. ಬನ್ನಿ." ಅಟ್ಟ ಇಳಿಸುವುದರಲ್ಲಿ ಗೆಲುವು ಸೋಲು ಎಂಥದ್ದು ಎಂದು ನನಗೆ ತಿಳಿಯಲಿಲ್ಲ. ತಿಳಿಯದೆ ಕೂರುವ ಜಾಯಮಾನ ನನ್ನದಲ್ಲ, ಹೊರಟುಬಿಟ್ಟೆ.

ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಬಸವರಾಜು ಕಾರು ತಂದು ಕಾಯುತ್ತಿದ್ದರು. ಮೊದಲು ಮಾರುಕಟ್ಟೆಗೇ ಕರೆದುಕೊಂಡು ಹೋದರು. ಅಬ್ಬಾ, ಆ ಪ್ರಾಂಗಣದ ವಾಸನೆ! ಒಣಗಿದ ಕೊಬ್ಬರಿಯ ಸಿಹಿ ಗಾಳಿಯಲ್ಲೇ ತುಂಬಿತ್ತು. ಮಂಡಿಗಳ ಮುಂದೆ ಕಂದು ಉಂಡೆಗಳ ರಾಶಿ, ಅವನ್ನು ಗಾತ್ರ ನೋಡಿ ವಿಂಗಡಿಸುವ ಹೆಂಗಸರು, ಮೂಟೆ ಹೊಲಿಯುವವರು, ಹೊರಗೆ ಉತ್ತರದ ಕಡೆಯ ನಂಬರಿನ ಲಾರಿಗಳು. ಬಸವರಾಜು ಅವರ ಪರಿಚಯದ ಹಿರಿಯ ವ್ಯಾಪಾರಿಯೊಬ್ಬರು ನಮ್ಮನ್ನು ಕೂರಿಸಿ ಕಾಫಿ ತರಿಸಿದರು. ಅವರ ತಾತನ ಕಾಲದಲ್ಲಿ ಹಂದನಕೆರೆ, ಹುಳಿಯಾರು, ತುರುವೇಕೆರೆ ಕಡೆಯಿಂದ ಎತ್ತಿನಗಾಡಿಗಳು ಸಾಲುಸಾಲಾಗಿ ಬಂದು ಊರಾಚೆ ಬಿಡಾರ ಹೂಡುತ್ತಿದ್ದವಂತೆ. ರೈಲು ಬಂದ ಮೇಲೆ ತಿಪಟೂರು ಬೆಳೆಯಿತು. ಇಲ್ಲಿನ ಮೂಟೆ ನೇರವಾಗಿ ಉತ್ತರದ ಊರುಗಳಿಗೆ ಹೋಗತೊಡಗಿತು. "ನಮ್ಮೂರಲ್ಲಿ ಮದ್ವೆ ನಡೀದಿದ್ರೂ ಡೆಲ್ಲೀಲಿ ನಡೀಬೇಕು ಕಣ್ರೀ," ಎಂದು ಅವರು ನಕ್ಕರು. "ಅಲ್ಲಿ ಲಗ್ನಕ್ಕೆ ಉಂಡೆ ಕೊಬ್ಬರಿ ಬೇಕೇ ಬೇಕು. ಸೀಜನ್ ಬಂದ್ರೆ ಇಲ್ಲಿ ನಮ್ಗೆ ಹಬ್ಬ."

"ಇಷ್ಟೆಲ್ಲ ಉಂಡೆ ಮಾಡುವ ಕಾರ್ಖಾನೆ ಎಲ್ಲುಂಟು?" ಎಂದು ನಾನು ಕೇಳಿದೆ. ವ್ಯಾಪಾರಿ ಬಸವರಾಜು ಅವರ ಮುಖ ನೋಡಿದರು, ಬಸವರಾಜು ನನ್ನ ಮುಖ ನೋಡಿದರು.

"ಕಾರ್ಖಾನೆ ಯಾಕ್ರೀ ಬೇಕು? ಮನೆಮನೇಲೂ ಅಟ್ಟ ಐತಲ್ಲ," ಎಂದರು ಬಸವರಾಜು.

ದಾರಿಯಲ್ಲಿ ಅವರು ವಿವರಿಸಿದಷ್ಟೂ ನನ್ನ ಉತ್ಸಾಹ ಏರಿತು. ಬಲಿತ ಕಾಯಿಯನ್ನು ಸುಲಿಯದೆ, ಸಿಪ್ಪೆ ಸಮೇತ ಮನೆಯ ಅಟ್ಟದ ಮೇಲೆ ತುಂಬುತ್ತಾರೆ. ಕೆಳಗೆ ಅಡುಗೆಯ ಒಲೆ. ಅದರ ಕಾವು, ಹೊಗೆ ತಿನ್ನುತ್ತ ಕಾಯಿ ಹತ್ತಿರ ಹತ್ತಿರ ವರ್ಷದವರೆಗೆ ಅಲ್ಲೇ ಇರುತ್ತದೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಒಣಗಿ ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ದಿನಾ ಅನ್ನ ಬೇಯಿಸುವ ಬೆಂಕಿಯಲ್ಲೇ ಒಂದು ಪೇಟೆಯ ವ್ಯಾಪಾರ ಹಣ್ಣಾಗುತ್ತದೆ! ನಾನು ಅರ್ಧ ಆಯುಸ್ಸು ಗಾಣದ ಮುಂದೆ ಕಳೆದವನು. ಇಂಥದ್ದೊಂದನ್ನು ಕೇಳಿಯೇ ಇರಲಿಲ್ಲ.

ಬಿಳಿಗೆರೆಯ ತೋಟಗಳ ನಡುವೆ ಗಿರಿಜಮ್ಮನವರ ಮನೆ ಹೊಸ ಬಣ್ಣದಲ್ಲಿ ಹೊಳೆಯುತ್ತಿತ್ತು. ರಾತ್ರಿ ಊಟಕ್ಕೆ ರಾಗಿಮುದ್ದೆ, ಅವರೆಕಾಳಿನ ಸಾರು, ಕೊಬ್ಬರಿ ಉದುರಿಸಿದ ಪಲ್ಯ. ಒಗ್ಗರಣೆಗೆ ಕಡಲೆಕಾಯಿ ಎಣ್ಣೆ! "ತೆಂಗಿನೆಣ್ಣೆ ಹಾಕುವುದಿಲ್ವಾ?" ಎಂದು ಸರೋಜಿನಿ ಕೇಳಿದಳು. "ತಲೆಗೆ ಹಾಕ್ತೀವಲ್ಲ," ಎಂದರು ಗಿರಿಜಮ್ಮ. ನಮ್ಮ ಗಿರಣಿಯ ಮಾನ ಅಲ್ಲೇ ಹೋಯಿತು.

ಊಟವಾದ ಮೇಲೆ ಅವರು ಗೆಲುವು ಸೋಲಿನ ವಿಷಯ ಬಿಚ್ಚಿದರು. ಈಗ ಕಟ್ಟುವ ಆರ್‌ಸಿಸಿ ಮನೆಗಳಿಗೆ ಅಟ್ಟವೇ ಇಲ್ಲ, ಅಡುಗೆ ಗ್ಯಾಸಿನಲ್ಲಿ. ಕಾಯಿ ಇಡಲು ಜಾಗವಿಲ್ಲದವರು ಎಳನೀರಿನ ಲಾರಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಪಕ್ಕದಲ್ಲೇ ಮನೆ ಕಟ್ಟಿಕೊಂಡಿರುವ ಬಸವರಾಜು ಅವರ ಅಣ್ಣ ಮಹಾಲಿಂಗಪ್ಪನವರೂ ಹಾಗೆಯೇ ಮಾಡುತ್ತಿದ್ದರು. ಗಿರಿಜಮ್ಮ ಮಾತ್ರ ಅಟ್ಟವಿಲ್ಲದ ಮನೆಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದರು. ಅಡುಗೆಮನೆಯಲ್ಲಿ ಒಲೆ ಇಲ್ಲದಿದ್ದರೇನು, ಬಚ್ಚಲ ಹಂಡೆಗೆ ದಿನಾ ಉರಿ ಹಾಕುತ್ತೇವಲ್ಲ ಎಂದು, ಬಚ್ಚಲು ಮತ್ತು ಅದರ ಪಕ್ಕದ ಉಗ್ರಾಣದ ಮೇಲೆ ಅಡಿಕೆ ಮರದ ದಬ್ಬೆಗಳನ್ನು ಸಂದು ಬಿಟ್ಟು ಹಾಸಿಸಿ, ಮೇಲೆ ಅಟ್ಟ ಮಾಡಿಸಿದರು. ಕಾಂಕ್ರೀಟಿನ ಕೆಳಗೆ ಕಾಯಿ ಬೆವೆತು ಕೊಳೆಯುತ್ತದೆ ಎಂದು ಮಹಾಲಿಂಗಪ್ಪ ಊರೆಲ್ಲ ಹೇಳಿಕೊಂಡು ಬಂದರು. ಆದರೂ ಗಿರಿಜಮ್ಮ ತೋಟದ ಇಡೀ ವರ್ಷದ ಕಾಯಿಯನ್ನು ಅಲ್ಲಿಗೇ ಹತ್ತಿಸಿದ್ದರು.

"ಕೊಳೆತಿದ್ರೆ ಮುಂದ್ಲ ಸಲದಿಂದ ನಮ್ಮ ಕಾಯೂ ಲಾರಿಗೇ. ಒಪ್ಕೊಂಡಿದೀನಿ," ಎಂದರು ಗಿರಿಜಮ್ಮ.

"ಅಲ್ಲಾಡಿಸಿ ನೋಡಿದರೆ ಗೊತ್ತಾಗುವುದಿಲ್ವಾ?" ಎಂದೆ.

"ಉಂಡೆ ಚಿಪ್ಪು ಬಿಟ್ಕೊಂಡು ಲೊಡ ಲೊಡ ಅಂತವೆ ಶೆಟ್ರೇ. ಒಳಗೆ ಬೆಳ್ಳಗಿದೆಯೋ ಕಪ್ಪಾಗಿದೆಯೋ ಒಡೆದಾಗ್ಲೇ ಗೊತ್ತು. ಮೊದ್ಲೇ ಒಡೆಯೋಕೆ ಧೈರ್ಯ ಬರ್ನಿಲ್ಲ."

ಮರುದಿನ ಬಸವರಾಜು ನಮ್ಮನ್ನು ಚಿಕ್ಕನಾಯಕನಹಳ್ಳಿ, ತುರುವೇಕೆರೆಗೆ ಸುತ್ತಿಸಿದರು. ತುರುವೇಕೆರೆಯ ಕರಿಕಲ್ಲಿನ ಬಸವನ ನುಣುಪಿಗೆ ಸರೋಜಿನಿ ಮರುಳಾಗಿ ಸುತ್ತು ಹಾಕಿದ್ದೇ ಹಾಕಿದ್ದು. ನನ್ನ ಕಣ್ಣು ಮಾತ್ರ ಮನೆಗಳ ಮೇಲೆ. ಹೆಂಚಿನ ಸಂದಿನಿಂದ ಹೊಗೆ ಏಳುವ ಹಳೆಯ ಮನೆ ಕಂಡರೆ, ಅಗೋ, ಇಲ್ಲಿ ಕೊಬ್ಬರಿ ಆಗುತ್ತಿದೆ ಎಂದು ಕೂಗುತ್ತಿದ್ದೆ. ಮಟ್ಟಸ ಸೂರಿನ ಮನೆ ಕಂಡರೆ ಬೇಜಾರು. ರಸ್ತೆಯುದ್ದಕ್ಕೂ ನಾರು ಒಣಗಿಸುವ ಕಣಗಳು, ಚಿಪ್ಪು ಸುಟ್ಟು ಇದ್ದಿಲು ಮಾಡುವ ಹೊಗೆ, ಕಾಯಿತುರಿಯ ಪುಡಿ ಮಾಡುವ ಕಾರ್ಖಾನೆ. ಒಂದು ಕಾಯಿಯ ಮೇಲೆ ಎಷ್ಟು ಜನರ ಬದುಕು! ಅವುಗಳ ನಡುವೆಯೇ ಎಳನೀರಿನ ಲಾರಿಗಳೂ ತುಂಬಿಕೊಂಡು ಹೋಗುತ್ತಿದ್ದವು. ಪ್ರತಿ ಲಾರಿ ಎದುರಾದಾಗಲೂ ಬಸವರಾಜು ಕಾರು ನಿಧಾನ ಮಾಡಿ ಅದನ್ನೇ ನೋಡುತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ಚಳಿಗೆ ಶಾಲು ಹೊದ್ದು ಹಿತ್ತಿಲಿಗೆ ಬಂದರೆ ಆಗಲೇ ಅಕ್ಕಪಕ್ಕದವರು ಸೇರಿದ್ದರು. ಹೊಸ ಮನೆ ಕಟ್ಟಿಸುವ ಯೋಚನೆಯಲ್ಲಿದ್ದವರೇ ಹೆಚ್ಚು. ಮಹಾಲಿಂಗಪ್ಪ ಬೇಲಿ ಪಕ್ಕ ಕೈಕಟ್ಟಿ ನಿಂತಿದ್ದರು. ದಪ್ಪ ಮೀಸೆ, ಮುಖದಲ್ಲಿ ನಗುವಿಲ್ಲ. ಆಳುಗಳು ಅಟ್ಟದಿಂದ ಕಾಯಿ ಉರುಳಿಸತೊಡಗಿದರು. ನಾನು ಸುಮ್ಮನಿರಲಾರದೆ ಪಂಚೆ ಎತ್ತಿ ಕಟ್ಟಿ, ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ಎರಡು ರಾಶಿ ಮಾಡಿದೆ.

ಗಿರಿಜಮ್ಮ ಬಂದು, "ಈ ರಾಶಿ ಯಾಕೆ ಆಚೆ ಇಟ್ಟಿದೀರಿ?" ಎಂದು ಕೇಳಿದರು.

"ಇವು ಹಾಳಾಗಿವೆ. ನೀರಿನ ಸದ್ದೇ ಇಲ್ಲ!"

ಹಿತ್ತಿಲೆಲ್ಲ ಗೊಳ್ಳೆಂದಿತು. ಕಾಯಿ ಕೊಳ್ಳುವಾಗ ನೀರಿನ ಸದ್ದು ಕೇಳುವುದು ನನ್ನ ಕೈಗೆ ಅಂಟಿದ ಅಭ್ಯಾಸ. ನೀರು ಇಂಗಬೇಕಾದ ಕಾಯಿಯಲ್ಲೂ ನೀರು ಹುಡುಕಿದ್ದೆ. ಚೆನ್ನಾಗಿ ಒಣಗಿದ ಕಾಯಿಯನ್ನೆಲ್ಲ ಆರಿಸಿ ಹಾಳೆಂದು ಎಸೆದಿದ್ದೆ. ಬೆಳಗಿನಿಂದ ಬಿಗಿದುಕೊಂಡಿದ್ದ ಗಿರಿಜಮ್ಮನವರ ಮುಖದಲ್ಲೂ ನಗು ಬಂತು. ನನಗೆ ನಾಚಿಕೆಯಾಗಲಿಲ್ಲ, ಸಂತೋಷವೇ ಆಯಿತು.

ಬಸವರಾಜು ಮೊದಲ ಕಾಯಿಯನ್ನು ಸುಲಿದರು. ಗಿರಿಜಮ್ಮ ಕುಕ್ಕರಗಾಲಿನಲ್ಲಿ ಕೂತು, ಕತ್ತಿಯ ಹಿಂಬದಿಯಿಂದ ಚಿಪ್ಪನ್ನು ಸುತ್ತಲೂ ತಟ್ಟಿ ಬಿಡಿಸಿದರು. ಗಬ್ಬೆಂದು ವಾಸನೆ ಎದ್ದಿತು. ಒಳಗೆ ಕಪ್ಪಗೆ, ಲೋಳೆಲೋಳೆ. ಎಲ್ಲರೂ ಮಹಾಲಿಂಗಪ್ಪನವರ ಕಡೆ ನೋಡಿದರು. ವರ್ಷವಿಡೀ ಆಡಿಕೊಂಡ ಮನುಷ್ಯ ಈಗ ತಲೆ ತಗ್ಗಿಸಿ ಕಾಲಿನಿಂದ ನೆಲ ಕೆರೆದರು.

"ಇನ್ನೊಂದು ಕೊಡ್ರೀ," ಎಂದರು ಗಿರಿಜಮ್ಮ ಗಂಡನಿಗೆ.

ಎರಡನೆಯದರ ಚಿಪ್ಪು ಕಳಚಿದಾಗ ಕಂದು ಬಣ್ಣದ ಉಂಡೆ ಇಡಿಯಾಗಿ ಅವರ ಅಂಗೈಗೆ ಬಿತ್ತು. ಕೊಯ್ದರೆ ಒಳಗೆ ಬೆಳ್ಳಂಬೆಳ್ಳಗೆ. ಮೂರನೆಯದೂ ಹಾಗೆಯೇ. ನಾಲ್ಕನೆಯದು, ಐದನೆಯದು! ಸರೋಜಿನಿ ಚಪ್ಪಾಳೆ ತಟ್ಟಿದಳು. ನಾನಂತೂ ಯಾರ ಮನೆಯ ಹಿತ್ತಿಲೆಂಬುದನ್ನೂ ಮರೆತು ಕುಣಿದೇಬಿಟ್ಟೆ. ಗಿರಿಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೊಗೆ," ಎಂದರು. ಹಂಡೆಯ ಒಲೆ ಆರಿ ಬಹಳ ಹೊತ್ತಾಗಿತ್ತು.

ಇದನ್ನೆಲ್ಲ ನೋಡುತ್ತಿದ್ದ ಮಹಾಲಿಂಗಪ್ಪ ಟವೆಲ್ಲನ್ನು ತಲೆಗೆ ಸುತ್ತಿ ಏಣಿ ಹತ್ತಿದರು. ಮೇಲಿನಿಂದ ಅವರ ದನಿ ಕೇಳಿತು: "ಗೋಡೆ ಮೂಲೇಲಿರೋವು ಮಾತ್ರ ಕೊಳ್ತಿರಾದು ಕಣ್ಲಾ ಬಸ್ರಾಜ. ಕಾವು ಇಲ್ಲೀಗಂಟ ಬಂದಿಲ್ಲ. ನಡೂಕಿರೋವೆಲ್ಲ ಚಿನ್ನ ಚಿನ್ನ ಇದ್ದಂಗವೆ." ಆಮೇಲೆ ಅವರು ಇಳಿಯಲೇ ಇಲ್ಲ. ಆಳುಗಳಿಗಿಂತ ಜೋರಾಗಿ ಕಾಯಿ ಉರುಳಿಸಿದರು. ಊಟದ ಹೊತ್ತಿಗೆ ಹಿತ್ತಿಲಿನಲ್ಲಿ ಒಳ್ಳೆಯ ಉಂಡೆಗಳ ರಾಶಿ ನನ್ನ ಸೊಂಟದ ಎತ್ತರ ಬಂದಿತ್ತು; ಕೊಳೆತದ್ದು ಒಂದು ಮೂಲೆಯಲ್ಲಿ ಸಣ್ಣ ಗುಪ್ಪೆ.

ಮಧ್ಯಾಹ್ನ ಹೋಳಿಗೆ ಊಟ ಮುಗಿಸಿ ನಾವು ಹೊರಟೆವು. ಬೇಡವೆಂದರೂ ಕೇಳದೆ ಗಿರಿಜಮ್ಮ ಒಂದು ಚೀಲ ಕೊಬ್ಬರಿ ತುಂಬಿದರು. "ಗಾಣಕ್ಕೆ ಹಾಕಿದ್ರೆ ನಿಮ್ಮನ್ನ ಮಾತಾಡ್ಸಲ್ಲ," ಎಂದು ಬೆದರಿಸಿದರು. ಸರೋಜಿನಿ ತಾನೇ ಕಾವಲಿರುತ್ತೇನೆ ಎಂದು ಮಾತು ಕೊಟ್ಟಳು. ಬಸವರಾಜು ನಮ್ಮನ್ನು ಬಸ್ಸಿಗೆ ಬಿಡಲು ಕಾರು ಚಾಲು ಮಾಡಿದರು.

ಗೇಟು ದಾಟುವ ಮುಂಚೆ ತಿರುಗಿ ನೋಡಿದೆ. ಮಹಾಲಿಂಗಪ್ಪ ಆಗಷ್ಟೇ ಅಟ್ಟದಿಂದ ಇಳಿದು, ಮೀಸೆಯ ತುಂಬ ಮಸಿ ಹತ್ತಿಸಿಕೊಂಡು, ತಮ್ಮನ ಹೆಂಡತಿಯ ಮುಂದೆ ನಿಂತಿದ್ದರು. ನಾನು ಕಾರು ನಿಲ್ಲಿಸಲು ಬಸವರಾಜು ಅವರ ಭುಜ ಹಿಡಿದೆ.

"ಗಿರಿಜಮ್ಮ, ಈ ಸಲ ನಮ್ಮ ಕಾಯ್ನೂ ಲಾರಿಗೆ ಕೊಡಾದು ಬ್ಯಾಡ ಅನ್ಕೊಂಡಿದೀನಿ," ಎಂದರು ಮಹಾಲಿಂಗಪ್ಪ. "ನಿನ್ನ ಅಟ್ಟದಲ್ಲಿ ನಮಗೂ ಒಂದು ಮೂಲೆ ಬುಟ್ಕೊಡವ್ವ."

"ಮೂಲೇಲಿ ಹಾಕಿದ್ರೆ ಕೊಳ್ತೋಯ್ತವೆ ಭಾವ," ಎಂದರು ಗಿರಿಜಮ್ಮ. "ನಡೂಕೇ ಹಾಕಿ."