ಟ್ರೇ ಮೇಲೆ ಊದಿದವನು

ಪೀಣ್ಯದಲ್ಲಿ ಇಪ್ಪತ್ತು ವರ್ಷ ಲೇಥ್ ಓಡಿಸಿದವನ ಅಂಗೈ ಎಷ್ಟು ತೊಳೆದರೂ ಬೆಳ್ಳಗಾಗುವುದಿಲ್ಲ. ಕಬ್ಬಿಣದ ಪುಡಿಯೂ ಎಣ್ಣೆಯೂ ಸೇರಿ ರೇಖೆಗಳೊಳಗೆ ಇಳಿದುಬಿಟ್ಟಿರುತ್ತವೆ. ಆಪರೇಷನ್ ಥಿಯೇಟರ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿದ ಮೊದಲ ವಾರವೇ, ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವರಾದ ನಮ್ಮ ಮೇಡಂ ನನ್ನ ಕೈಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಇಡೀ ಕ್ಲಾಸಿಗೆ ತೋರಿಸಿದರು.

"ನೋಡ್ರಪ್ಪಾ, ಇದು ಬ್ರಷ್ ಹಾಕಿ ಉಜ್ಜಿದ ಕೈಯಂತೆ. ಪೇಷೆಂಟ್ ಇದನ್ನ ನೋಡಿದ್ರೆ ಅನಸ್ತೀಸಿಯಾನೇ ಬೇಡ, ಅಲ್ಲೇ ಮೂರ್ಛೆ ಹೋಗ್ತಾರೆ."

ಕ್ಲಾಸು ನಕ್ಕಿತು. ಎಲ್ಲರೂ ಎಸ್ಸೆಸ್ಸೆಲ್ಸಿ ಮುಗಿಸಿ ನೇರವಾಗಿ ಬಂದ ಮಕ್ಕಳು. ನಾನೂ ನಕ್ಕೆ. ನಗದಿದ್ದರೆ ಇನ್ನೂ ಜೋರಾಗಿ ನಗುತ್ತಾರೆ ಎಂದು ಗೊತ್ತಾಗುವಷ್ಟು ಬುದ್ಧಿ ನನಗಿತ್ತು.

ನನಗೆ ಈ ಹುಚ್ಚು ಹಿಡಿದದ್ದು ಹೆಂಡತಿಯ ಪಿತ್ತಕೋಶದ ಆಪರೇಷನ್ ದಿನ. ಜೀವ ಬಾಯಿಗೆ ಬಂದು ಹೊರಗೆ ಕೂತಿದ್ದೆ. ಹಸಿರು ಬಟ್ಟೆಯವನೊಬ್ಬ ಬಾಗಿಲು ತಳ್ಳಿಕೊಂಡು ಬಂದು, "ಮುಗೀತಣ್ಣ, ಚೆನ್ನಾಗವ್ರೆ" ಎಂದ. ಅವನು ಡಾಕ್ಟರಲ್ಲ, ಡಾಕ್ಟರ ಕೈಗೆ ಕತ್ತರಿ ಎತ್ತಿಕೊಡುವವನು ಎಂದು ಆಮೇಲೆ ತಿಳಿಯಿತು. ಬದುಕಿದರೆ ಇವನ ಹಾಗೆ ಬದುಕಬೇಕು ಅನ್ನಿಸಿತು. ಅದೇ ವರ್ಷ ನಮ್ಮ ಮಾಲೀಕರು ಕಂಪ್ಯೂಟರ್ ಮಿಷಿನ್ ತರಿಸಿ ಹಳೆಯ ಲೇಥುಗಳನ್ನೆಲ್ಲ ಗುಜರಿಗೆ ಹಾಕಿದರು. ನಮ್ಮನ್ನು ಗುಜರಿಯವನೂ ಮೂಸಿ ನೋಡಲಿಲ್ಲ.

ಹೆಂಡತಿ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಾಳೆ. "ಓದು ಮುಗಿಯೋ ತನಕ ಮನೆ ನಾನ್ ನೋಡ್ಕೋತೀನಿ. ಆದ್ರೆ ಆ ಥಿಯೇಟರ್ ಒಳಗೆ ನೀವು ನಿಲ್ಲಲೇಬೇಕು. ಇಲ್ಲಾಂದ್ರೆ ನಂಗೆ ಮುಖ ತೋರಿಸ್ಬೇಡಿ" ಎಂದಳು. ಅವಳು ತಮಾಷೆ ಮಾಡುವ ಪೈಕಿ ಅಲ್ಲ.

ಕಾಲೇಜು ಇದ್ದದ್ದು ತುಮಕೂರು ರಸ್ತೆಯಲ್ಲಿ, ಟೈಲ್ಸ್ ಅಂಗಡಿಯ ಮೇಲೆ. ಅಲ್ಲಿ ನಾನು ಎರಡು ಉಪಯೋಗಕ್ಕೆ ಬಂದೆ. ಒಂದು, ಮೇಡಂಗೆ ಬೇಸರವಾದಾಗ ಪ್ರಶ್ನೆ ಕೇಳಲು. ಇನ್ನೊಂದು, ಪೇಷೆಂಟಾಗಲು. "ಅಂಕಲ್, ಮಲ್ಕೊಳ್ಳಿ" ಎಂದರೆ ಮೇಜಿನ ಮೇಲೆ ಮಲಗಬೇಕು. ಕೈಕಾಲಿಗೆ ಪಟ್ಟಿ ಬಿಗಿದು ಕ್ಲಾಸಿನ ಮಕ್ಕಳು ಕಲಿಯುತ್ತಿದ್ದರು. ಪಕ್ಕದ ಬೆಂಚಿನ ಹುಡುಗಿ ಒಮ್ಮೆ ನನ್ನ ಹೊಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡೇ ನೋಟ್ಸ್ ಬರೆದಳು. ಒಳ್ಳೆಯ ಹುಡುಗಿ, ಓದಿನಲ್ಲಿ ಮುಂದು. ಅವಳಿಗೆ ಅದು ಅವಮಾನ ಎಂದೇ ಹೊಳೆಯಲಿಲ್ಲ. ಅದಕ್ಕೇ ನನಗೆ ಹೆಚ್ಚು ಉರಿಯಿತು.

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಟ್ರೇ ಜೋಡಿಸಬೇಕಿತ್ತು. ಕೈ ಉಜ್ಜಿ, ಗ್ಲೌಸ್ ಹಾಕಿ, ಕತ್ತರಿ, ಚಿಮಟ, ಚಾಕು ಎಲ್ಲವನ್ನೂ ಸಾಲಾಗಿ ಇಟ್ಟೆ. ಒಂದೂ ತಪ್ಪಲಿಲ್ಲ. ಇನ್ನೇನು ಮುಗಿಯಿತು ಎನ್ನುವಾಗ ಕತ್ತರಿಯ ಬಾಯಲ್ಲಿ ಬಟ್ಟೆಯ ಎಳೆಯೊಂದು ಕಂಡಿತು.

ಪೀಣ್ಯದ ನಮ್ಮ ಶೆಡ್ಡಿನಲ್ಲಿ ಕೊರೆದ ಕಬ್ಬಿಣದ ಮೇಲೆ ಚೂರು ಉಳಿದರೆ ಬ್ರಷ್ ಹುಡುಕುವವನನ್ನು ಸೋಮಾರಿ ಎನ್ನುತ್ತಿದ್ದರು. ಉಫ್ ಎಂದು ಊದಬೇಕು, ಆಮೇಲೆ ಅಳತೆ ನೋಡಬೇಕು. ಇಪ್ಪತ್ತು ವರ್ಷ ಊದಿದ ಬಾಯಿ ನನ್ನನ್ನು ಕೇಳಲಿಲ್ಲ. ಗ್ಲೌಸಿನ ಕೈಯಲ್ಲೇ ಮಾಸ್ಕ್ ಕೆಳಗೆ ಎಳೆದು, ಟ್ರೇ ಮೇಲೆ ಬಗ್ಗಿ, ಮನಸಾರೆ ಊದಿಬಿಟ್ಟೆ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಪೆನ್ನು ಕೆಳಗಿಟ್ಟರು. "ಯಾರದ್ರೀ ಬರ್ತ್‌ಡೇ? ಕ್ಯಾಂಡಲ್ ಆರಿಸ್ತಿದ್ದೀರಾ?"

ಫೇಲ್.

ಹೆಂಡತಿ ಬೈಯಲಿಲ್ಲ. ಮರುಪರೀಕ್ಷೆಯ ತನಕ ದಿನಾ ಡ್ಯೂಟಿಯಿಂದ ಬಂದು ಅನ್ನದ ತಟ್ಟೆಯಲ್ಲಿ ಚಮಚಗಳನ್ನಿಟ್ಟು, ಮೇಲೆ ದಾರದ ಚೂರು ಉದುರಿಸಿ, ಕೈಯಲ್ಲಿ ಸ್ಕೇಲ್ ಹಿಡಿದು ಎದುರಿಗೆ ಕೂರುತ್ತಿದ್ದಳು. ನನ್ನ ತುಟಿ ಸ್ವಲ್ಪ ಮುಂದೆ ಬಂದರೆ ಬಾಯಿಗೇ ಒಂದು ಏಟು. ನಿಜವಾದ ಏಟು. "ಊದ್ತೀರಾ? ಇನ್ನೊಂದ್ಸಲ ಊದ್ತೀರಾ?" ಎನ್ನುವಾಗ ಅವಳ ಕಣ್ಣಲ್ಲಿ ನೀರಿರುತ್ತಿತ್ತು, ಕೈ ಮಾತ್ರ ಸಡಿಲವಾಗುತ್ತಿರಲಿಲ್ಲ. ಊದಿದ ತುಟಿ ಹೊತ್ತುಕೊಂಡೇ ಹೋಗಿ ಪಾಸಾದೆ.

ಹತ್ತಿರದ ಆಸ್ಪತ್ರೆಯೊಂದರಲ್ಲಿ ಸಂದರ್ಶನಕ್ಕೆ ಕರೆದರು. ಟೈ ಕಟ್ಟಿದ ಯುವಕ ನನ್ನ ಬಯೋಡೇಟಾ ಓದುತ್ತ ಮೊದಲ ಸಲ ಮುಖ ಅರಳಿಸಿದ.

"ಇಪ್ಪತ್ ವರ್ಷ ಲೇಥ್ ಟರ್ನರ್ ಆಗಿದ್ರಾ? ಮೊದ್ಲೇ ಹೇಳ್ಬಾರ್ದಾ ಸಾರ್! ಥಿಯೇಟರ್‌ಗೆ ಹುಡುಗ್ರು ಎಷ್ಟ್ ಬೇಕಾದ್ರೂ ಸಿಕ್ತಾರೆ. ನಮ್ಗೆ ಮೇಂಟೆನೆನ್ಸ್‌ಗೆ ಜನಾನೇ ಇಲ್ಲ. ಸದ್ಯಕ್ಕೆ ಅಲ್ಲಿ ಸೇರ್ಕೊಂಡಿರಿ, ಆಮೇಲೆ ನೋಡೋಣ."

ಬೇರೆ ಎರಡು ಕಡೆ ವಯಸ್ಸು ನೋಡಿಯೇ ಬಾಗಿಲಲ್ಲಿ ವಾಪಸು ಕಳಿಸಿದ್ದರು. ಸೇರಿಕೊಂಡೆ. ಸ್ಟ್ರೆಚರಿನ ಚಕ್ರ, ಮಂಚದ ಹ್ಯಾಂಡಲ್, ಸೋರುವ ನಲ್ಲಿ. ಮನೆಯಲ್ಲಿ ಥಿಯೇಟರ್ ಎಂದೇ ಹೇಳಿದ್ದೇನೆ. ಹೆಂಡತಿ ಗಾರ್ಮೆಂಟ್ಸಿನಲ್ಲಿ ಎಲ್ಲರಿಗೂ ಸಿಹಿ ಹಂಚಿದ್ದಾಳೆ.

ಹೋದ ತಿಂಗಳು ಥಿಯೇಟರಿನ ಬಾಗಿಲು ಕಿರ್ ಎನ್ನುತ್ತಿದೆಯೆಂದು ಫೋನು ಬಂತು. ಎಣ್ಣೆ ಡಬ್ಬಿ ಹಿಡಿದು ಹೋದೆ. ನೆಲದ ಮೇಲೆ ಕೆಂಪು ಗೆರೆ. ಗೆರೆಯ ಆಚೆ, ಹಸಿರು ಬಟ್ಟೆಯಲ್ಲಿ, ಮಾಸ್ಕಿನೊಳಗೆ, ನನ್ನ ಪಕ್ಕದ ಬೆಂಚಿನ ಹುಡುಗಿ. ಕಣ್ಣಿನಲ್ಲೇ ಗುರುತು ಹಿಡಿದಳು, ಖುಷಿಯೂ ಪಟ್ಟಳು.

"ಅಯ್ಯೋ ಅಂಕಲ್, ಚೆನ್ನಾಗಿದ್ದೀರಾ? ಗೆರೆ ದಾಟ್ಬೇಡಿ, ಪ್ಲೀಸ್. ಅಲ್ಲಿಂದ್ಲೇ ಎಣ್ಣೆ ಬಿಡಿ."

ಅಲ್ಲಿಂದಲೇ ಕೈ ಚಾಚಿ ಕೀಲುಗಳಿಗೆ ಎಣ್ಣೆ ಬಿಟ್ಟೆ. ಎರಡು ಸಲ ಬಾಗಿಲು ಆಡಿಸಿ ನೋಡಿದೆ. ಕೆಲಸ ಚೆನ್ನಾಗಿಯೇ ಆಗಿತ್ತು. ಬಾಗಿಲು ಒಂದಿಷ್ಟೂ ಸದ್ದು ಮಾಡದೆ ನನ್ನ ಮುಖದ ಮುಂದೆ ಮುಚ್ಚಿಕೊಂಡಿತು.