ಸರ್ವರಿ ಕಂಡ ಕಡಲಾಮೆಗಳು

೧೯೪೭ರ ಬೇಸಿಗೆಯಲ್ಲಿ ಸರ್ವರಿ ಹುಮನಾಬಾದದಿಂದ ಕಲ್ಯಾಣಕ್ಕೆ ಮದುವೆಯಾಗಿ ಬಂದಾಗ ಅವಳಿಗೆ ಹದಿನೆಂಟು. ಗಂಡ ಸಲಾವುದ್ದೀನ್ ಎಮ್ಮೆಯ ಕೋಡಿನಿಂದ ಹಣಿಗೆ ಮಾಡುವವನು. ಕೋಡನ್ನು ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ, ಒತ್ತಿ ಹಲಗೆಯಾಗಿಸಿ, ಸಣ್ಣ ಗರಗಸದಿಂದ ಹಲ್ಲು ಕೊಯ್ಯುತ್ತಿದ್ದ. ಆಗ ಹಲಗೆ ಅಲುಗಾಡದಂತೆ ಎರಡೂ ಕೈಯಿಂದ ಒತ್ತಿ ಹಿಡಿಯುವುದು ಸರ್ವರಿಯ ಕೆಲಸ. ಸ್ವಲ್ಪ ಜಾರಿದರೂ ಗರಗಸದ ಹಿಡಿಯಿಂದ ಅವಳ ಬೆರಳ ಗೆಣ್ಣಿಗೆ ಬಡಿಯುತ್ತಿದ್ದ. ವರ್ಷ ಕಳೆಯುವುದರೊಳಗೆ ಅವಳ ಕೈ ಜಾರುವುದು ನಿಂತಿತು.

ಕೆಲಸದಲ್ಲಿ ಅವನು ಗಟ್ಟಿಗ. ಆದರೆ ಒಂದು ಕೊರಗು ಇತ್ತು. ಅವನ ಉಸ್ತಾದ್ ಸಾಯುವತನಕ ಕಡಲಾಮೆಯ ಚಿಪ್ಪಿನ ಮಾತೇ ಆಡುತ್ತಿದ್ದನಂತೆ. ಜೇನಿನ ಬಣ್ಣ, ಕೈಯಲ್ಲಿ ಹಿಡಿದರೆ ಬೆಳಕು ಹಾಯುತ್ತದೆ, ಹೈದರಾಬಾದಿನ ದೊಡ್ಡ ಮನೆಗಳ ಬೇಗಂಗಳು ಅದರ ಹಣಿಗೆಯಿಂದಲೇ ತಲೆ ಬಾಚುತ್ತಾರೆ ಎಂದು. ಸಲಾವುದ್ದೀನ್ ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಸರ್ವರಿಯ ತಂಗಿ ಲತೀಫಾಳ ಗಂಡ ಜಹೀರುದ್ದೀನ್ ಬಡಗಿ. ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆಯ ಗಲಾಟೆಯಲ್ಲಿ ಹುಮನಾಬಾದದ ಅವನ ಅಂಗಡಿ ಸುಟ್ಟುಹೋದ ಮೇಲೆ ಇಬ್ಬರೂ ರತ್ನಾಗಿರಿಯ ಕಡೆಯ ಒಂದು ಬಂದರು ಹಳ್ಳಿ ಸೇರಿದ್ದರು. ಅಲ್ಲಿ ಅವನಿಗೆ ದೋಣಿ ರಿಪೇರಿಯ ಕೆಲಸ ಸಿಕ್ಕಿತ್ತು. ಐವತ್ತರ ಜನವರಿಯ ಚಳಿಯಲ್ಲಿ ಅವರಿಗೆ ಹೆಣ್ಣು ಮಗು ಹುಟ್ಟಿತೆಂದು ಕಾಗದ ಬಂತು. ಮಗು ನೋಡಲು ಸರ್ವರಿ, ಸಲಾವುದ್ದೀನ್ ಇಬ್ಬರೂ ಹೊರಟರು. ಸೊಲ್ಲಾಪುರದವರೆಗೆ ಬಸ್ಸು, ಆಮೇಲೆ ರೈಲು, ಕೊನೆಗೆ ಘಾಟಿ ಇಳಿಯುವ ಬಸ್ಸು.

ಊರು ಮುಟ್ಟಿದ ಮೂರನೆಯ ದಿನ, ಬೆಳಗಿನ ನಮಾಜು ಮುಗಿಸಿ, ಬುತ್ತಿ ಕಟ್ಟಿಕೊಂಡು ಎಲ್ಲರೂ ಸಮುದ್ರಕ್ಕೆ ಹೋದರು. ಬಂಡೆಯ ಮೇಲೆ ನಿಂತಾಗ ನೀರಿನಲ್ಲಿ ಏನೋ ಎದ್ದು ಮುಳುಗಿತು. ಇನ್ನೊಂದು ಎದ್ದಿತು. ಬೋಳು ತಲೆಗಳು.

"ಆಮಿ, ಆಪಾ," ಎಂದಳು ಲತೀಫಾ. "ಉಸುರ ತಗೋಳಾಕ ಮ್ಯಾಲ ಬರ್ತಾವ."

ಸರ್ವರಿ ಎಣಿಸುತ್ತ ಹೋಗಿ ಆರಕ್ಕೆ ತಪ್ಪಿದಳು. ಮತ್ತೆ ಎಣಿಸಿದಳು. ಗಂಡನ ಎದುರು ಅವಳು ಬಾಯಿ ತೆರೆದು ನಕ್ಕದ್ದು ಅದೇ ಮೊದಲು.

ಅಷ್ಟರಲ್ಲಿ ಸಲಾವುದ್ದೀನ್ ಬಂಡೆಯ ಆಚೆ ಕೂಗಿದ. ಮರಳ ಮೇಲೆ ಒಂದು ಆಮೆ ಇತ್ತು. ಮೊಟ್ಟೆಯಿಟ್ಟ ಗುಂಡಿಗೆ ಹಿಂಗಾಲಿನಿಂದ ಮರಳೆಳೆದು, ಮೈಯನ್ನು ಆಚೀಚೆ ಅಲ್ಲಾಡಿಸಿ ತಟ್ಟುತ್ತಿತ್ತು. ಇಷ್ಟು ಬೆಳಕಾದ ಮೇಲೆ ಅವು ದಂಡೆಗೆ ಬರುವುದು ಅಪರೂಪ ಎಂದ ಜಹೀರುದ್ದೀನ್.

ಸಲಾವುದ್ದೀನ್ ಮೊಣಕಾಲೂರಿ ಚಿಪ್ಪಿನ ಮೇಲೆ ಕೈಯಾಡಿಸಿದ. ಅಂಚಿಗೆ ಉಗುರು ತೂರಿಸಿ ದಪ್ಪ ನೋಡಿದ.

"ಭಾಯಿಜಾನ್, ಇದು ಹಣಿಗಿಗೆ ಬರೂದಿಲ್ರಿ," ಎಂದ ಜಹೀರುದ್ದೀನ್. "ಉಳ್ಳಾಗಡ್ಡಿ ಸಿಪ್ಪಿ ಹಂಗ ಇರ್ತದ. ನಿಮ್ಮ ಉಸ್ತಾದ್ ಹೇಳಿದ್ದು ಬ್ಯಾರೆ ಜಾತಿದು."

"ದೋಣಿಗಿ ಮೊಳಿ ಹೊಡಿಯಾಂವ ನನಗ ಚಿಪ್ಪಿನ ಪಾಠ ಕಲಿಸಾಕತ್ತೀ? ನಾ ಹೋದ ಮ್ಯಾಲ ನೀನ ತಗೋಬೇಕಂತ ಮಾಡೀಯೇನು?"

ಜಹೀರುದ್ದೀನ್‌ನ ಮುಖ ಕೆಂಪಾಯಿತು. ಆದರೆ ಸಲಾವುದ್ದೀನ್ ಮನೆಗೆ ಬಂದ ಅತಿಥಿ, ಹೆಂಡತಿಯ ಅಕ್ಕನ ಗಂಡ. ಜಹೀರುದ್ದೀನ್ ಮಗುವನ್ನು ಎತ್ತಿಕೊಂಡು ಲತೀಫಾಳನ್ನು ಕರೆದುಕೊಂಡು ಊರ ಕಡೆ ನಡೆದುಬಿಟ್ಟ. ಸರ್ವರಿ ಅವರ ಹಿಂದೆ ಎರಡು ಹೆಜ್ಜೆ ಇಟ್ಟಳು.

"ನೀ ಎಲ್ಲಿಗಿ? ಬಾ ಇಲ್ಲಿ."

ಆಮೆ ಬದುಕಿರುವಾಗಲೇ ಕಾಸಿದರೆ ಚಿಪ್ಪಿನ ಹಾಳೆಗಳು ತಾವಾಗಿಯೇ ಏಳುತ್ತವೆ ಎಂದು ಉಸ್ತಾದ್ ಹೇಳಿದ್ದನಂತೆ. ಸಲಾವುದ್ದೀನ್ ಒಣಗಿದ ತೆಂಗಿನ ಗರಿ ತಂದು ಅದರ ಬೆನ್ನ ಮೇಲೆ ಒಟ್ಟಿದ.

"ಬ್ಯಾಡ್ರಿ, ಅದು ಈಗ ಬಾಣಂತಿ ಅದ," ಎಂದಳು ಸರ್ವರಿ.

"ಮುಂಗಾಲ ಹಿಡಿ."

"ನೋಡ್ರಿ, ಅದರ ಕಣ್ಣಾಗ ನೀರ..."

"ಹಿಡೀ ಅಂದ್ನಲ್ಲ!"

ಅವಳು ಹಿಡಿದಳು. ಹಲಗೆ ಹಿಡಿದು ಪಳಗಿದ ಕೈ ಸರಿಯಾಗಿ ಕೂತಿತು. ಗರಿ ಹೊತ್ತಿಕೊಂಡಾಗ ಆಮೆ ಕೂಗಲಿಲ್ಲ, ಬಾಯಿ ತೆರೆದು ಮುದುಕರಂತೆ ಉಸ್ಸೆಂದಿತು. ಆ ಮುಂಗಾಲಿನ ಬಲ ಅವಳ ಭುಜದವರೆಗೆ ಬಂತು. ಅವಳು ಬಿಡಲಿಲ್ಲ. ಬಿಟ್ಟರೆ ತನ್ನ ಗತಿ ಏನೆಂದು ಅವಳಿಗೆ ಗೊತ್ತಿತ್ತು. ಅವನು ಬೂದಿ ಸರಿಸಿ ಚಾಕು ತೂರಿಸಿ ಒಂದೊಂದೇ ಹಾಳೆ ಎಬ್ಬಿಸಿದ. ತೆಳ್ಳಗೆ, ಬೂದು ಬಣ್ಣ, ಬೆಳಕು ಹಾಯದ್ದು. ಬಗ್ಗಿಸಿದರೆ ಹಪ್ಪಳದಂತೆ ಮುರಿಯಿತು. ಆದರೂ ನಿಲ್ಲಿಸಲಿಲ್ಲ, ಮುಂದಿನದು ದಪ್ಪ ಇದ್ದೀತೆಂದು ಇಡೀ ಬೆನ್ನು ಸುಲಿದ.

ಅವನು ಎದ್ದ ಮೇಲೆ ಸರ್ವರಿ ಕೈ ತೆಗೆದಳು. ಆಮೆ ಬಹಳ ಹೊತ್ತು ಅಲುಗಲಿಲ್ಲ. ಆಮೇಲೆ ಹಸಿ ಬೆನ್ನಿಗೆ ಮರಳು ಮೆತ್ತಿಕೊಂಡು ನೀರಿನ ಕಡೆ ತೆವಳಿತು. ಮೊದಲ ಉಪ್ಪು ತೆರೆ ತಾಗಿದಾಗ ಅದು ಹೇಗೆ ನಡುಗಿತೆಂಬುದನ್ನು ಅವಳು ನೋಡಿದಳು.

"ಇದು ಹಣಿಗಿಗೆ ಬರೂದಿಲ್ಲಂತ ಹೇಳಬಾರದಿತ್ತ ಜಹೀರುದ್ದೀನ್?" ಎಂದ ಸಲಾವುದ್ದೀನ್, ಚೂರುಗಳನ್ನು ಒದ್ದು.

ಕಲ್ಯಾಣಕ್ಕೆ ಮರಳಿದ ಮರುದಿನ ಅವನು ಹಲಗೆ ಇಟ್ಟು ಗರಗಸ ಎತ್ತಿದ. ಸರ್ವರಿ ಕೂತಳು, ಆದರೆ ಕೈ ಮುಂದೆ ಬರಲಿಲ್ಲ.

"ನನ್ನ ಕಡೆಯಿಂದ ಆಗೂದಿಲ್ರಿ."

ಅವನು ಹೊಡೆದ. ಮೂರು ದಿನ ಹೊಡೆದ. ನೀರು ತಂದಳು, ರೊಟ್ಟಿ ಬಡಿದಳು, ಹಣಿಗೆಗಳಿಗೆ ಎಣ್ಣೆ ಒರೆಸಿದಳು. ಹಲಗೆ ಮಾತ್ರ ಹಿಡಿಯಲಿಲ್ಲ. ನಾಲ್ಕನೆಯ ದಿನ ಅವನು ಬಡಿಗೇರ ಲಾಲಪ್ಪನ ಹತ್ತಿರ ಹೋಗಿ, ಹಲಗೆಯನ್ನು ಬಿಗಿದು ಹಿಡಿಯುವ ಮರದ ಶಿಕಂಜ ಮಾಡಿಸಿಕೊಂಡು ಬಂದ. ಅದರಲ್ಲಿ ಹಲ್ಲುಗಳು ಮೊದಲಿಗಿಂತ ನೆಟ್ಟಗೆ ಬಂದವು. ಆ ವಾರವೇ, ತಿಂಗಳ ಮಟ್ಟಿಗೆ ಎಂದು ಹೇಳಿ, ಅವಳನ್ನು ಹುಮನಾಬಾದದ ಅಣ್ಣನ ಮನೆಗೆ ಬಿಟ್ಟುಹೋದ.

ಐದು ತಿಂಗಳಾದ ಮೇಲೆ ಅಣ್ಣ ಮೊಹಿನುದ್ದೀನ್ ಕೇಳಿಕೊಂಡು ಬರಲು ಕಲ್ಯಾಣಕ್ಕೆ ಹೋದ. ಸಂಜೆ ಮರಳಿ ಬಂದು, ಅಂಗಳದಲ್ಲಿ ಎಲ್ಲರ ಮುಂದೆಯೇ ಹೇಳಿದ: "ಗರಗಸ ಸೈತ ನಿಲ್ಲಿಸಲಿಲ್ಲ ಅಂವ. ಶಿಕಂಜ ತೋರಿಸಿ, 'ಇದು ರೊಟ್ಟಿ ಕೇಳೂದಿಲ್ಲ ಮಿಯಾ' ಅಂದ."

ಅತ್ತಿಗೆ ಮಹೆಬೂಬಾ ನಕ್ಕುಬಿಟ್ಟಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡಳು. ಜೋಳ ಹಸನು ಮಾಡುತ್ತಿದ್ದ ಸರ್ವರಿ ಮೊರವನ್ನು ಕೆಳಗಿಡಲಿಲ್ಲ. ಮರುದಿನ ಮಹೆಬೂಬಾ ಅವಳ ಹಾಸಿಗೆಯನ್ನು ನಡುಮನೆಯಿಂದ ತೆಗೆಸಿ ದನದ ಮೇವಿನ ಕಣಕಿ ಇಡುವ ಕೋಣೆಗೆ ಹಾಕಿಸಿದಳು. ಆಗ ಸರ್ವರಿಗೆ ಇಪ್ಪತ್ತೊಂದು.